ಹತ್ತು ಸೆಕೆಂಡು ಸುಮ್ಮನಿದ್ದದ್ದು

ಡಿಸೆಂಬರ್ 11, ಗುರುವಾರ. ಸುರಬಾಯ.

ಗೆದ್ದೆ! ಕೇಳಿರಿ ಗೋಡೆಗಳೇ, ಕೇಳಿರಿ ಹಲ್ಲಿಗಳೇ, ಬಯೋಮೆಡಿಕಲ್ ಎಂಜಿನಿಯರಿಂಗಿನ ಮೊದಲ ಮೆಟ್ಟಿಲು ಹತ್ತಿದೆ!

ನಡುಪರೀಕ್ಷೆಯಲ್ಲಿ ಮುಗ್ಗರಿಸಿದವಳಿಗೆ ಇಂದಿನ ಪ್ರಯೋಗವೊಂದೇ ಉಳಿದಿತ್ತು. ನಾವೇ ಕಟ್ಟಿದ ಯಂತ್ರದಲ್ಲಿ ನಮ್ಮದೇ ಎದೆಬಡಿತದ ಗೆರೆ ಹತ್ತು ಸೆಕೆಂಡು ಸ್ವಚ್ಛವಾಗಿ ಮೂಡಬೇಕು. ತಪ್ಪಿದರೆ ಇಡೀ ಕೋರ್ಸು ಮತ್ತೆ ಮೊದಲಿನಿಂದ.

ಮಣಿಕಟ್ಟುಗಳಿಗೆ ತಂತಿ ಅಂಟಿಸಿಕೊಂಡು ನಮ್ಮ ಅಧ್ಯಾಪಕಿ ಬು ಹರ್ತಾತಿಯವರಿಗೆ ವಿವರಣೆ ಶುರು ಮಾಡಿದೆ. ಅಪ್ಪನ ಲುದ್ರುಕ್ ನಾಟಕ ಮಂಡಳಿಯಲ್ಲಿ ಪಳಗಿದ ಗಂಟಲು, ಕೈಬೀಸು ಬೇರೆ. ಪರದೆಯ ಮೇಲೆ ಮೂಡಿದ್ದು ಗೆರೆಯಲ್ಲ, ಮುಳ್ಳುಪೊದೆ!

"ಫಿಲ್ಟರ್ ಕೆಟ್ಟಿದೆ ಕಣೇ, ಬಿಚ್ತೀನಿ," ಅಂದ ಜೊತೆಗಾರ ಗಾಲಿಹ್.

ಆಗ ಕಂಡಿತು: ನಾನು ಮಾತು ನಿಲ್ಲಿಸಿದಾಗಲೆಲ್ಲ ಪೊದೆ ತೆಳುವಾಗುತ್ತಿತ್ತು.

"ಮುಟ್ಬೇಡ್ವೋ! ಕೆಟ್ಟಿರೋದು ಅದಲ್ಲ. ಇದು ನನ್ನ ಸ್ನಾಯುಗಳ ಗಲಾಟೆ."

"ಅಂದ್ರೆ ಸುಮ್ನಿರ್ಬೇಕು. ನೀನು? ಮುಗೀತು ಬಿಡು!"

ಕೈ ಸಡಿಲಬಿಟ್ಟು ಕೂತೆ. ತುಟಿ ಬಿಚ್ಚಲಿಲ್ಲ. ಮುಳ್ಳುಗಳೆಲ್ಲ ಉದುರಿ, ಒಂದೊಂದೇ ಶಿಖರ ಎದ್ದು ರಾಜಗಾಂಭೀರ್ಯದಿಂದ ನಡೆದುಹೋಯಿತು.

"ಮೂರು ತಿಂಗಳಲ್ಲಿ ಇವತ್ತೇ ನೋಡು ನನ್ನ ಲ್ಯಾಬು ತಣ್ಣಗಿರೋದು," ಅಂದರು ಬು ಹರ್ತಾತಿ. "ಪಾಸು ಕಣಮ್ಮ ನಿಂಗ್ರುಮ್. ದೋಷ ನೀನೇ ಹಿಡಿದೆಯಲ್ಲ, ಅದಕ್ಕೆ ಬೇರೆ ಅಂಕ."

ಸಂಜೆ ಆ ಗೆರೆಯ ಚಿತ್ರವನ್ನು ಅಪ್ಪನಿಗೆ ಕಳಿಸಿ ಫೋನು ಮಾಡಿದೆ. ಕೊನೆಯ ಸಾಲಿನವರೂ ಬೆಚ್ಚುವಂತೆ ಗುಡುಗುವ ಅಪ್ಪ ಶಿಖರಗಳನ್ನು ಒಂದೊಂದಾಗಿ ಎಣಿಸತೊಡಗಿದ.

"ಒಳಗೆ ಎಂಥಾ ತಾಳ ಮಗಳೇ ನಿಂದು!" ಅಂದ ಕೊನೆಗೆ, ಮೆಲ್ಲಗೆ.

ಆ ತಾಳವನ್ನು ಹಿಡಿದ ಯಂತ್ರದ ಒಂದೊಂದು ಬೆಸುಗೆಯೂ ನನ್ನದು. ನನ್ನದೇ. ಬಿಸಿ ಬೆಸುಗೆ ತಾಗಿದ ಬೆರಳ ತುದಿ ಇನ್ನೂ ಉರಿಯುತ್ತಿದೆ, ಆದರೂ ಹಿತವಾಗಿದೆ.