ನಿರ್ವಾಹಕರ ಪಾಸ್‌ವರ್ಡನ್ನು ನಾನು ಬದಲಿಸಿಲ್ಲ

ಕಾಲೇಜಿನ ಕಂಪ್ಯೂಟರ್ ವಿಭಾಗದ ಮುಖ್ಯಸ್ಥರಾದ ಮಾನ್ಯರೇ (ತನಿಖೆ ಮುಗಿಯುವವರೆಗೆ ಎಲ್ಲರೂ ಮಾನ್ಯರೇ),

ನಾವೆಲ್ಲ ಹಂಚಿಕೊಂಡು ಬಳಸುವ ಯುನಿಕ್ಸ್ ಯಂತ್ರದ ನಿರ್ವಾಹಕ ಪಾಸ್‌ವರ್ಡನ್ನು ನಾನೇ ಬದಲಿಸಿದೆನೆಂದು ತೀರ್ಮಾನಿಸಿ ನನ್ನನ್ನು ಲ್ಯಾಬಿನಿಂದ ಹೊರಹಾಕಿದ್ದೀರಿ. ನನ್ನ ಕೊನೆಯ ವರ್ಷದ ಪ್ರಾಜೆಕ್ಟ್ ಒಳಗಿದೆ, ನಾನು ಹೊರಗಿದ್ದೇನೆ. ಸಾಕ್ಷಿ? ಪ್ರಿಂಟರಿನ ನಿಧನವಾರ್ತೆ ಬರೆದು ಬಾಗಿಲಿಗೆ ಅಂಟಿಸಿದವನು ನಾನೆಂಬ ಖ್ಯಾತಿ. ಪ್ರಿಂಟರ್ ಸತ್ತದ್ದಂತೂ ನಿಜವಲ್ಲವೇ?

ಈಗ ನನ್ನ ಅನುಮಾನಗಳನ್ನೂ ಆಲಿಸುವ ಕೃಪೆ ಮಾಡಬೇಕು. ನಮ್ಮಂಥ ಪಾಮರರು ಪಾಸ್‌ವರ್ಡ್ ಬದಲಿಸಹೊರಟರೆ ಯಂತ್ರ ಮೊದಲು ಹಳೆಯದನ್ನು ಕೇಳುತ್ತದೆ. ನಿರ್ವಾಹಕರಾಗಿ ಒಳಗೆ ಕೂತ ತಮ್ಮನ್ನು ಏನೂ ಕೇಳದೆ ಕೈಕಟ್ಟಿ ನಿಲ್ಲುತ್ತದೆ. ತಾವು ಕಮಾಂಡಿನ ಮುಂದೆ ಯಾರ ಹೆಸರು ಬರೆದರೆ ಅವರ ಪಾಸ್‌ವರ್ಡ್ ಬದಲಾಗುತ್ತದೆ. ಹೆಸರು ಬರೆಯಲು ಮರೆತರೆ? ತುಟಿಪಿಟಿಕ್ಕೆನ್ನದೆ ನಿರ್ವಾಹಕರದ್ದನ್ನೇ ಬದಲಿಸಿಬಿಡುತ್ತದೆ.

ಮೊನ್ನೆ ಮಧ್ಯಾಹ್ನ ತಮ್ಮ ಸಹಿಗಾಗಿ ನಾನು ಕೋಣೆಯ ಬಾಗಿಲಲ್ಲಿ ಕಾಯುತ್ತಿದ್ದೆ. ಗ್ರಂಥಾಲಯದ ಅಕ್ಕ ಬಂದರು.

"ಸಾರ್, ಪಾಸ್‌ವರ್ಡ್ ಮರ್ತೇಹೋಯ್ತು."

ಫೋನಿನಲ್ಲಿ ಯಾರನ್ನೋ ತರಾಟೆಗೆ ತೆಗೆದುಕೊಳ್ಳುತ್ತಲೇ ತಾವು ಒಂದು ಕೈಯಲ್ಲಿ ಕೀಬೋರ್ಡ್ ಕುಟ್ಟಿದಿರಿ. "ಹೊಸದನ್ನ ನೀವೇ ಟೈಪ್ ಮಾಡಮ್ಮ, ನಾನ್ ನೋಡಲ್ಲ." ಅಕ್ಕ ಎರಡು ಸಲ ಟೈಪ್ ಮಾಡಿದರು. ಯಂತ್ರ ಒಪ್ಪಿತು.

ಸಂಜೆ ಅಕ್ಕ ಮತ್ತೆ ಹಾಜರ್. "ಹೊಸದು ಹಾಕಿದ್ರೂ ಒಳಗೆ ಬಿಡ್ತಿಲ್ಲ ಸಾರ್."

"ಹಾಕೋಕೂ ಬರ್ಬೇಕಲ್ಲಮ್ಮ! ನಾಳೆ ಬನ್ನಿ."

ಆ ನಾಳೆ ಬೆಳಗಾಗುವಷ್ಟರಲ್ಲಿ ಯಂತ್ರ ತಮ್ಮನ್ನೂ ಒಳಗೆ ಬಿಡಲಿಲ್ಲ.

ಹಾಗಾದರೆ ಅಕ್ಕನ ಹೊಸ ಪಾಸ್‌ವರ್ಡ್ ಎಲ್ಲಿಗೆ ಹೋಯಿತು? ಆವಿಯಾಯಿತೇ? ಅಕ್ಕ ಬಂದುಹೋದ ಸಂಗತಿಯೇ ತಮ್ಮ ತನಿಖೆಯಲ್ಲಿ ಏಕಿಲ್ಲ? ಕೇಳಿದರೆ ಅವರು, "ದೊಡ್ಡವರ ವಿಷ್ಯ ನಂಗ್ಯಾಕಪ್ಪಾ, ನೀನೂ ಸುಮ್ನಿರು" ಎನ್ನುತ್ತಾರೆ. ಇಷ್ಟು ಮಾತಾಡುವ ಅಕ್ಕನ ಬಾಯಿಗೆ ಬೀಗ ಹಾಕಿದವರು ಯಾರೋ, ದೇವರೇ ಬಲ್ಲ.

ನಿರ್ವಾಹಕರು ಹೆಸರು ಬರೆಯದೆ ಕಮಾಂಡ್ ಕೊಟ್ಟರೆ ಯಂತ್ರ ಒಪ್ಪದೆ, "ಯಾರದ್ದು?" ಎಂದು ಕೇಳುವಂತೆ ಒಂದು ಕಾವಲು ಹಾಕಿಸಿ. ನಾಲ್ಕು ಸಾಲಿನ ಕೆಲಸ, ಅಧಿಕಾರಕ್ಕೆ ಕುಂದಿಲ್ಲ. ಅದಕ್ಕೂ ಮೊದಲು ಅಕ್ಕನನ್ನು ಕರೆಸಿ, ಕುರ್ಚಿ ಕೊಟ್ಟು, ಇಡೀ ವಿಭಾಗದ ಎದುರು ನಿರ್ವಾಹಕರ ಖಾತೆಗೆ ಆ ಹೊಸ ಪಾಸ್‌ವರ್ಡನ್ನೇ ಹಾಕಿಸಿ ನೋಡಿ. ಯಂತ್ರ ತೆರೆಯದಿದ್ದರೆ ನಾನೇ ಅಪರಾಧಿ. ತೆರೆದರೆ ಕ್ಷಮೆಗಿಮೆ ಬೇಡ, ಲ್ಯಾಬಿನ ಬಾಗಿಲೂ ತೆರೆಯಲಿ. ಪ್ರಾಜೆಕ್ಟ್ ಒಪ್ಪಿಸಲು ಶುಕ್ರವಾರವೇ ಕಡೆ.

ಇಂತಿ, ಗಾಜಿನ ಆಚೆಯಿಂದ ತಮ್ಮನ್ನೇ ನೋಡುತ್ತಿರುವ,
ಕಾರಿಡಾರಿನ ಕಾಯಂ ನಿವಾಸಿ