ಸಂತೋಷದ ಪತ್ರ

ಮಂಗಳವಾರ, ನವೆಂಬರ್ 14

ಆ ಪತ್ರ ಇನ್ನೂ ಕಣ್ಣ ಮುಂದಿನಿಂದ ಹೋಗುತ್ತಿಲ್ಲ. ‘ನಿಮ್ಮ ಮನೆಗೆ ಮೆಟ್ಟಿಲು ಹತ್ತಿಸುವ ಲಿಫ್ಟ್ ಕುರ್ಚಿ ಮಂಜೂರಾಗಿದೆ ಎಂದು ತಿಳಿಸಲು ಅತೀವ ಸಂತೋಷವಾಗುತ್ತದೆ.’ ಕೆಳಗೆ ಶಾಸಕರ ಸಹಿ, ಅಂದರೆ ನಾನು ಹಾಕಿದ್ದು. ಹನ್ನೊಂದು ವರ್ಷದಿಂದ ಅವರ ಸಹಿ ನಾನೇ.

ಬೆಳಿಗ್ಗೆ ರೇಡಿಯೋದಲ್ಲಿ ತೀರಿಕೊಂಡವರ ಹೆಸರು ಕೇಳಿದ ಮೇಲೆಯೇ ಪತ್ರಗಳನ್ನು ಅಂಚೆಗೆ ಹಾಕುವುದು ನಮ್ಮ ಕಚೇರಿಯ ಪದ್ಧತಿ. ನಿನ್ನೆ ಆ ಹೊತ್ತಿಗೆ ಯಾರದೋ ಫೋನು, ರೇಡಿಯೋ ಕೇಳಿಸಿಕೊಳ್ಳಲಿಲ್ಲ. ಆ ಪತ್ರ ಯಾರ ಹೆಸರಿಗಿತ್ತೋ ಆ ಮಲಾಕಿ ಗಿಲ್‌ಹೂಲಿ ಭಾನುವಾರವೇ ಹೋಗಿಬಿಟ್ಟಿದ್ದರು.

ಡಬ್ಲಿನ್ನಿನಿಂದ ಫೋನಿನಲ್ಲೇ ಶಾಸಕರು ಕೂಗಾಡಿದರು. “ಸಾವಿನ ಮನೆಗೆ ಸಂತೋಷ ಕಳಿಸಿದೀಯಲ್ಲ ನೋರೀನ್! ನಾಳೆ ಮಣ್ಣಿಗೆ ಬಂದು ನಾನು ಹೇಗೆ ಮುಖ ತೋರಿಸ್ಲಿ? ಹೋಗಿ ಇಸ್ಕೊಂಡು ಬಾ.”

ಅವರಿಗೆ ಅವರ ಮುಖದ್ದೇ ಚಿಂತೆ.

ಹೋದೆ. ಮೆಟ್ಟಿಲು ಹತ್ತಲಾಗದೆ ಮಲಾಕಿ ಹದಿನಾಲ್ಕು ತಿಂಗಳು ಮಲಗಿದ್ದ ಕೆಳಗಿನ ಕೋಣೆಯಲ್ಲೇ ಅವರ ಶವಪೆಟ್ಟಿಗೆ. ಸುತ್ತ ಕೊನೆಯ ದರ್ಶನಕ್ಕೆ ಬಂದ ಜನ, ಅವರಿಗೆ ಚಹಾ, ಸ್ಯಾಂಡ್‌ವಿಚ್ಚಿನ ತಟ್ಟೆಗಳು. ಹೆಂಡತಿ ಅಟ್ರಾಕ್ಟಾ ನನ್ನ ಕೈ ಹಿಡಿದುಕೊಂಡರು.

“ತಪ್ಪಾಯ್ತು ಅಟ್ರಾಕ್ಟಾ ಆಂಟಿ. ಆ ಪತ್ರ ವಾಪಸ್ ಕೊಟ್ರೆ...”

“ಎಲ್ಲಿಂದ ಕೊಡ್ಲಿ ಮಗಳೇ? ದಿನಾ ಪೋಸ್ಟಿನವನ ದಾರಿ ಕಾಯ್ತಿದ್ರು. ಇವತ್ತು ಬಂತು. ಅವರ ಪಕ್ಕ ಕೂತು ಓದಿ ಹೇಳಿ, ಅವರಿಗೆ ತೊಡಿಸಿರೋ ಕೋಟಿನ ಜೇಬಲ್ಲಿಟ್ಟೆ. ‘ನೋಡ್ರೀ, ಶಾಸಕರು ಸ್ವಂತ ಕೈಯಿಂದ ಸಹಿ ಮಾಡಿದಾರೆ’ ಅಂದೆ. ಹೌದಲ್ವಾ?”

ಹೌದೆಂದೆ.

ಪತ್ರ ಸಿಗಲಿಲ್ಲ ಎಂದಷ್ಟೇ ಶಾಸಕರಿಗೆ ತಿಳಿಸಿದೆ. ನಿದ್ದೆ ಹತ್ತುತ್ತಿಲ್ಲ. ಬೆಳಿಗ್ಗೆ ಅಟ್ರಾಕ್ಟಾಗೆ ಸಂತಾಪದ ಪತ್ರ ಹೋಗಬೇಕು. ಅದಕ್ಕೂ ಸಹಿ ಇದೇ ಕೈಯಿಂದ, ಅದೇ ಹೆಸರಿನಲ್ಲಿ. ಹಾಕಲು ಕುಳಿತೆ, ಇದುವರೆಗೆ ಬರೆದದ್ದು ಬರೀ ಮೊದಲ ಅಕ್ಷರ...