ಶೇಕಡ ತೊಂಬತ್ತೆರಡು ತೃಪ್ತಿ: ಮೌಲ್ಯಮಾಪನ ಕುಲಸಚಿವರಿಗೆ

ಮೌಲ್ಯಮಾಪನ ವಿಭಾಗದ ಮಾನ್ಯ ಕುಲಸಚಿವರೇ,

ತಮ್ಮ ವಿಶ್ವವಿದ್ಯಾಲಯದ ಲಾಂಛನ ಹೊತ್ತ ಒಂದು ವರದಿಯ ನಲವತ್ತೊಂದನೆಯ ಪುಟದಲ್ಲಿ ಹಸಿ ಸುಳ್ಳೊಂದಿದೆ. ಅದು ಬರೆದ ವಿದ್ಯಾರ್ಥಿನಿಯ ತಪ್ಪಲ್ಲ, ಬರೆಸಿದ ಅಧ್ಯಾಪಕನ ತಪ್ಪು. ಆ ಅಧ್ಯಾಪಕ ನಾನೇ. ಆ ಸಾಲನ್ನು ವಾಪಸು ಪಡೆಯುತ್ತೇನೆಂದು ತಮಗೆ ಎರಡು ಅರ್ಜಿ ಬರೆದೆ. ಉತ್ತರ ಬರಲಿಲ್ಲವೆಂದು ಒಂದು ದಿನ ಖುದ್ದಾಗಿ ಬಂದು ತಮ್ಮ ಕಚೇರಿಯ ಕಿಟಕಿಯ ಮುಂದೆ ನಿಂತೆ. ಒಳಗಿದ್ದ ಗುಮಾಸ್ತರು ಒಳ್ಳೆಯವರು, ಕನಿಕರದಿಂದಲೇ ಹೇಳಿದರು: “ವ್ಯಾಲ್ಯುಯೇಷನ್ ಆದ್ಮೇಲೆ ವಾಪಸ್ ತಗೊಳೋಕೆ ಕಾಲಂ ಇಲ್ಲ ಕಣ್ರೀ. ಮಾರ್ಕ್ಸ್ ಕಮ್ಮಿ ಬಂದಿದ್ರೆ ಹೇಳಿ, ರೀವ್ಯಾಲ್ಯುಯೇಷನ್‌ಗೆ ಹಾಕ್ಬೋದು.” ಸುಳ್ಳು ಬರೆಯುವುದಕ್ಕೆ ತಮ್ಮಲ್ಲಿ ನಮೂನೆಗಳಿವೆ, ಅನುಬಂಧಗಳಿವೆ, ಕೊನೆಯ ದಿನಾಂಕಗಳಿವೆ. ಬರೆದ ಸುಳ್ಳನ್ನು ಒಪ್ಪಿಕೊಳ್ಳುವುದಕ್ಕೆ ಮಾತ್ರ ಒಂದು ಕಾಲಂ ಇಲ್ಲ. ಆದ್ದರಿಂದ ಊರೆಲ್ಲ ಓದುವಂತೆ ಬರೆಯುತ್ತಿದ್ದೇನೆ. ನಾಚಿಕೆಯಾಗುತ್ತಿದೆ. ಆಗಬೇಕಾದದ್ದೇ.

ನಾನು ಹಾಸನ ಜಿಲ್ಲೆಯ ಒಂದು ಪದವಿ ಕಾಲೇಜಿನಲ್ಲಿ ಆರು ವರ್ಷಗಳಿಂದ ಅತಿಥಿ ಉಪನ್ಯಾಸಕ. ‘ಉದ್ಯಮಶೀಲತೆ ಮತ್ತು ಮಾನವ ಸಂಪನ್ಮೂಲ ನಿರ್ವಹಣೆ’ ಎಂಬ ಪತ್ರಿಕೆ ನನ್ನದು. ನೇಮಕಾತಿ ಆದೇಶ ಹೇಗಿರಬೇಕು, ಉದ್ಯೋಗ ಭದ್ರತೆ ಇಲ್ಲದವನ ಮನಃಸ್ಥಿತಿ ಏನಾಗುತ್ತದೆ ಎಂಬುದನ್ನೆಲ್ಲ, ಪ್ರತಿ ವರ್ಷ ಜೂನ್‌ನಲ್ಲಿ ಮನೆಗೆ ಕಳಿಸಿ ಮತ್ತೆ ಕರೆಯುವ ಕೆಲಸದಲ್ಲಿದ್ದುಕೊಂಡೇ ಪಾಠ ಮಾಡುತ್ತೇನೆ. ಅರಕಲಗೂಡು, ಚನ್ನರಾಯಪಟ್ಟಣ, ಹೊಳೆನರಸೀಪುರದ ಕಡೆಯಿಂದ ಬಸ್ಸಿನಲ್ಲಿ ನಿಂತುಕೊಂಡು ಬರುವ ಮಕ್ಕಳು ನಾನು ಹೇಳಿದ್ದನ್ನು ನಿಷ್ಠೆಯಿಂದ ಬರೆದುಕೊಳ್ಳುತ್ತಾರೆ. ಆ ಪಾಠದಲ್ಲಿ ಎರಡು ಅಂಶಗಳ ಸಿದ್ಧಾಂತವೊಂದಿದೆ. ಗಾಳಿ, ಬೆಳಕು, ಕುಡಿಯುವ ನೀರು, ಶೌಚಾಲಯ ಇವೆಲ್ಲ ನೈರ್ಮಲ್ಯ ಅಂಶಗಳು. ಇದ್ದರೆ ಕಾರ್ಮಿಕ ಕುಣಿದಾಡುವುದಿಲ್ಲ, ಇಲ್ಲದಿದ್ದರೆ ಅತೃಪ್ತನಾಗುತ್ತಾನೆ. ಐದು ಅಂಕದ ಪ್ರಶ್ನೆ. ಆರು ವರ್ಷ ನೋಟ್ಸ್ ಹೇಳಿ ಬರೆಸಿದ್ದೇನೆ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂಬ ಗಾದೆ ಯಾರಿಗಾದರೂ ಹೊಂದಿದರೆ ನನಗೇ.

ಈ ಪತ್ರಿಕೆಗೆ ತಾವು ಒಂದು ಕ್ಷೇತ್ರ ವರದಿ ಇಟ್ಟಿದ್ದೀರಿ. ವಿದ್ಯಾರ್ಥಿ ಒಬ್ಬ ಸ್ಥಳೀಯ ಉದ್ಯಮಿಯ ಬಳಿ ಹೋಗಬೇಕು, ಅಲ್ಲಿನ ಕೆಲಸಗಾರರನ್ನು ಮಾತಾಡಿಸಬೇಕು, ಕಂಡದ್ದನ್ನು ಬರೆಯಬೇಕು. ಒಳ್ಳೆಯ ಯೋಚನೆ. ಆದರೆ ತಮ್ಮ ನಿಯಮದ ಪ್ರಕಾರ ಆ ವರದಿಗೆ ಅದೇ ಉದ್ಯಮಿಯ ಪ್ರಮಾಣಪತ್ರ ಬೇಕು, ಅವನ ಸೀಲು ಬೇಕು. ಸೀಲಿಲ್ಲದ ವರದಿ ಸ್ವೀಕಾರವಲ್ಲ. ಕಳ್ಳನ ಸಹಿ ಇದ್ದರೆ ಮಾತ್ರ ದೂರು ಸ್ವೀಕರಿಸುತ್ತೇನೆ ಎಂದು ಠಾಣೆಯಲ್ಲಿ ಯಾರಾದರೂ ಹೇಳಿದರೆ ನಗುತ್ತೇವೆ. ವಿಶ್ವವಿದ್ಯಾಲಯ ಹೇಳಿದರೆ ಸುತ್ತೋಲೆ ಎಂದು ಫೈಲಿಗೆ ಹಾಕುತ್ತೇವೆ. ಹೀಗಾಗಿ ನಮ್ಮಲ್ಲಿ ಒಂದು ಪದ್ಧತಿ ಬೆಳೆದಿದೆ. ಕಾಲೇಜಿನ ಎದುರಿನ ಜೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ವರದಿ ಸಿದ್ಧವಾಗಿಯೇ ಇರುತ್ತದೆ. ಉದ್ಯಮಿಯ ಹೆಸರು ಬದಲಿಸಿ, ಹುಡುಗನ ಹೆಸರು ಬದಲಿಸಿ, ಸ್ಪೈರಲ್ ಹಾಕಿಸಿದರೆ ಮುಗಿಯಿತು. ಅದರ ನಾಲ್ಕನೆಯ ಅಧ್ಯಾಯ ‘ಕಾರ್ಮಿಕರ ತೃಪ್ತಿ’. ಅಲ್ಲಿ ಶೇಕಡ ತೊಂಬತ್ತೆರಡು ಮಂದಿ ತೃಪ್ತರು. ನೂರು ಎಂದು ಬರೆಯಬಾರದು, ಬಾಹ್ಯ ಪರೀಕ್ಷಕರಿಗೆ ಅನುಮಾನ ಬರುತ್ತದೆ. ಎಂಬತ್ತು ಎಂದರೆ ಉದ್ಯಮಿಗೆ ಸಿಟ್ಟು ಬರುತ್ತದೆ. ನಂಬಿಕೆ ಹುಟ್ಟಲೆಂದು ಎಂಟು ಮಂದಿಯನ್ನು ಅತೃಪ್ತರಾಗಿ ಉಳಿಸಿಕೊಳ್ಳುವುದು ನಮ್ಮ ಕಸುಬಿನ ಜಾಣತನ. ಈ ಜಾಣತನವನ್ನು ಮಕ್ಕಳಿಗೆ ಹೇಳಿಕೊಟ್ಟವರಲ್ಲಿ ನಾನೂ ಒಬ್ಬ.

ಮೇಘಶ್ರೀ ಎಂಬ ಹುಡುಗಿ ಜೆರಾಕ್ಸ್ ಅಂಗಡಿಗೆ ಹೋಗಲಿಲ್ಲ. ನುಗ್ಗೇಹಳ್ಳಿಯ ಕಡೆಯವಳು, ಜಮೀನಿರುವ ಮನೆಯವಳು. ಹಾಸನದ ಹೊರಗೆ ದೇವರಾಜ್ ಎಂಬುವರ ಶೆಡ್ಡಿದೆ. ಶೀತಲಗೃಹದಿಂದ ಬಂದ ಬಿತ್ತನೆ ಆಲೂಗಡ್ಡೆಯನ್ನು ಅಲ್ಲಿ ನೆಲಕ್ಕೆ ಸುರಿದು, ಕೊಳೆತದ್ದನ್ನು ಆರಿಸಿ ತೆಗೆದು, ಗಾತ್ರ ನೋಡಿ ಚೀಲಕ್ಕೆ ತುಂಬುತ್ತಾರೆ. ಇಪ್ಪತ್ತಮೂರು ಹೆಂಗಸರು. ದೇವರಾಜ್ ಅವಳಿಗೆ ದೂರದ ಸಂಬಂಧಿ. ಆ ನಂಟಿನ ಮೇಲೆ ಒಳಗೆ ಬಿಟ್ಟರು. ಅವಳು ಪ್ರಶ್ನಾವಳಿ ಹಂಚಿ ಬರಲಿಲ್ಲ. ಕಳೆದ ವರ್ಷ ಏಪ್ರಿಲ್‌ನಲ್ಲಿ ಹನ್ನೊಂದು ದಿನ ಅವರ ಜೊತೆಗೆ ಕುಕ್ಕರುಗಾಲಲ್ಲಿ ಕೂತು ಆಲೂಗಡ್ಡೆ ಆರಿಸಿದಳು. ಆಮೇಲೆ ಕೈಬರಹದ ಕರಡು ತಂದು ನನ್ನ ಮೇಜಿನ ಮೇಲಿಟ್ಟಳು. ಅದರ ನಾಲ್ಕನೆಯ ಅಧ್ಯಾಯದ ಮೊದಲ ಸಾಲು ಇದು: ‘ಈ ಸಂಸ್ಥೆಯಲ್ಲಿ ಹೆಂಗಸರು ನೀರು ಕುಡಿಯುವುದಿಲ್ಲ.’

“ಇದೇನಮ್ಮ ಇದು?” ಎಂದೆ.

“ಅಲ್ಲಿ ಹೆಂಗಸ್ರಿಗೆ ಟಾಯ್ಲೆಟ್ ಇಲ್ಲ ಸಾರ್. ಸುತ್ತ ಬಯಲು, ಲಾರಿಯೋರು ನಿಂತಿರ್ತಾರೆ. ಅದ್ಕೇ ಬೆಳಗ್ಗೆಯಿಂದ ಸಂಜೆಗಂಟ ಯಾರೂ ನೀರೇ ಕುಡಿಯಲ್ಲ. ನಾನೂ ಕುಡೀಲಿಲ್ಲ ಸಾರ್. ಮೂರ್ನೇ ದಿನಕ್ಕೇ ತಲೆ ಸುತ್ತು ಬಂತು.”

ಅದಕ್ಕೆ ನಾನು, ಮಾನವ ಸಂಪನ್ಮೂಲದ ಅಧ್ಯಾಪಕ, ಏನು ಹೇಳಿದೆ ಗೊತ್ತೇ? “ಇದು ಯಾವ ಶೀರ್ಷಿಕೆ ಅಡಿ ಬರುತ್ತೆ? ಪೈ ಚಾರ್ಟ್ ಎಲ್ಲಿ?” ಎಂದೆ.

ನನಗೆ ಗೊತ್ತಿರಲಿಲ್ಲ ಎಂದು ಹೇಳಿಕೊಳ್ಳುವ ಭಾಗ್ಯವೂ ನನಗಿಲ್ಲ, ಮಾನ್ಯರೇ. ನಮ್ಮವ್ವ ಮಾದಮ್ಮ ಸಾಲಗಾಮೆಯಿಂದ ದಿನಾ ಹಾಸನಕ್ಕೆ ಬಂದು ಆಲೂಗಡ್ಡೆ ಮಂಡಿಗಳಲ್ಲಿ ಇದೇ ಕೆಲಸ ಮಾಡಿ ನನ್ನನ್ನು ಎಂ.ಕಾಂ. ಓದಿಸಿದಳು. ಬೆಳಗ್ಗೆ ಹೊರಡುವಾಗ ಲೋಟದಲ್ಲಿ ಅರ್ಧ ಕಾಫಿ ಉಳಿಸಿ ಎದ್ದುಬಿಡುತ್ತಿದ್ದಳು. ಪೂರ್ತಿ ಕುಡಿಯವ್ವ ಎಂದರೆ, “ಬ್ಯಾಡ ಕಣ್ಲಾ, ಆಮೇಲ್ ಅಲ್ಲಿ ಪಜೀತಿ” ಅನ್ನುತ್ತಿದ್ದಳು. ಏನು ಪಜೀತಿ ಎಂದು ನಾನು ಕೇಳಲಿಲ್ಲ, ಕೇಳದೆಯೇ ಗೊತ್ತಿತ್ತು. ಆ ಹುಡುಗಿಯ ಸಾಲು ಓದಿದ ಕೂಡಲೇ ಅದು ನಿಜವೆಂದು ಆ ಇಡೀ ಕಾಲೇಜಿನಲ್ಲಿ ತಿಳಿದಿದ್ದವನು ನಾನೊಬ್ಬನೇ. ಜಮೀನಿರುವ ಮನೆಯ ಹುಡುಗಿ ಹೋಗಿ ಕಂಡುಬಂದದ್ದನ್ನು, ಕೂಲಿ ಮಾಡಿದವಳ ಮಗನಾದ ನಾನು ಕೂತು ಹೊಡೆದುಹಾಕಿದೆ.

ಸೀಲಿಗೆಂದು ಅವಳು ಒಯ್ದ ಕರಡು ನೋಡಿದ ದೇವರಾಜ್ ನನಗೆ ಫೋನ್ ಮಾಡಿದರು. “ಏನ್ ಮೇಷ್ಟ್ರೇ, ನಮ್ ಪೈಕಿ ಹುಡ್ಗಿ ಅಂತ ಒಳೀಕ್ ಬಿಟ್ಕಂಡ್ರೆ ನಮ್ಗೇ ಬತ್ತಿ ಇಡ್ತಾಳಲ್ರೀ. ಹಿಂಗೆಲ್ಲ ಬರುದ್ರೆ ಸೀಲ್ ಹಾಕಲ್ಲ ಕಣ್ರೀ.” ಅವರು ನಮ್ಮ ಕಾಲೇಜಿನ ಅಭಿವೃದ್ಧಿ ಸಮಿತಿಯ ಸದಸ್ಯರು. ಉದ್ಯಮಶೀಲತಾ ದಿನದಂದು ಅವರಿಗೆ ಮೈಸೂರು ಪೇಟ ತೊಡಿಸಿ ಶಾಲು ಹೊದಿಸಿದವನು ನಾನೇ. ಜೂನ್ ಹತ್ತಿರವಿತ್ತು, ಮತ್ತೆ ಕರೆಯುತ್ತಾರೋ ಇಲ್ಲವೋ ಎಂಬ ಭಯವಿತ್ತು. ವರದಿ ಸಲ್ಲಿಸಲು ಎರಡೇ ದಿನ ಉಳಿದಿತ್ತು. ಹುಡುಗಿಯನ್ನು ಕರೆದು, ನಿನ್ನ ಒಳ್ಳೆಯದಕ್ಕೇ ಹೇಳುತ್ತೇನೆ ಎಂದೆ. ಅವಳು ಪೆನ್ನು ಮುಟ್ಟಲಿಲ್ಲ. ಆಗ ನಾನೇ ಕೆಂಪು ಶಾಯಿಯಲ್ಲಿ ಆ ಅಧ್ಯಾಯವನ್ನು ಹೊಡೆದು, ಬದಿಯಲ್ಲಿ ಬರೆದೆ: ‘ಸಂಸ್ಥೆಯ ಮಹಿಳಾ ಕಾರ್ಮಿಕರಲ್ಲಿ ಶೇಕಡ ತೊಂಬತ್ತೆರಡು ಮಂದಿ ಮೂಲಸೌಕರ್ಯಗಳ ಬಗ್ಗೆ ತೃಪ್ತಿ ಹೊಂದಿದ್ದಾರೆ.’ ಅವಳು ಅದನ್ನೇ ಟೈಪ್ ಮಾಡಿಸಿ, ದೇವರಾಜ್ ಅವರ ಸೀಲು ಹಾಕಿಸಿ ತಂದಳು. ನಾನು ಮಾರ್ಗದರ್ಶಕನೆಂದು ಸಹಿ ಹಾಕಿದೆ, ಬಾಹ್ಯ ಪರೀಕ್ಷಕರು ಸಹಿ ಹಾಕಿದರು, ಕಾಲೇಜಿನ ಮುದ್ರೆ ಬಿತ್ತು. ಇಪ್ಪತ್ತಮೂರು ಮಂದಿಯಲ್ಲಿ ಶೇಕಡ ತೊಂಬತ್ತೆರಡೆಂದರೆ ಎಷ್ಟು ಎಂದು ಆಮೇಲೊಮ್ಮೆ ಲೆಕ್ಕ ಹಾಕಿ ನೋಡಿದೆ. ಇಪ್ಪತ್ತೊಂದು ಪೂರ್ತಿ ಹೆಂಗಸರು, ಇನ್ನೊಬ್ಬಳಲ್ಲಿ ಸ್ವಲ್ಪ ಭಾಗ. ಒಬ್ಬ ಹೆಂಗಸಿನ ಯಾವ ಭಾಗ ತೃಪ್ತವಾಗಿತ್ತು ಎಂದು ವಾಣಿಜ್ಯ ಶಾಸ್ತ್ರ ಅರೆದು ಕುಡಿದ ನಮ್ಮಲ್ಲಿ ಒಬ್ಬರೂ ಕೇಳಲಿಲ್ಲ.

ವರದಿಯ ಒಂದು ಪ್ರತಿ ಉದ್ಯಮಿಗೆ ಕೊಡಬೇಕೆಂಬುದೂ ತಮ್ಮ ನಿಯಮ. ಕೊಟ್ಟೆವು.

ಈ ವರ್ಷದ ಬಿತ್ತನೆ ಕಾಲದಲ್ಲಿ ಆ ಶೆಡ್ಡಿನ ಸಣ್ಣಕ್ಕ ಎಂಬವರು ಉರಿಮೂತ್ರ ಬಂದು, ಜ್ವರ ಏರಿ, ಆಲೂಗಡ್ಡೆ ರಾಶಿಯ ಪಕ್ಕದಲ್ಲೇ ಬಿದ್ದರು. ನಾಲ್ಕು ದಿನ ಆಸ್ಪತ್ರೆಯಲ್ಲಿದ್ದರು. ದಿನಾ ಎಷ್ಟು ನೀರು ಕುಡಿಯುತ್ತೀರಿ ಎಂದು ವೈದ್ಯರು ಕೇಳಿದಾಗಲೇ ಅವರಿಗೆ ತಮ್ಮ ಕಾಯಿಲೆಗೆ ಕಾರಣ ಏನೆಂದು ಹೊಳೆದದ್ದು. ವಾಪಸು ಬಂದವರೇ ಎಲ್ಲರನ್ನೂ ಕೂಡಿಸಿ, ಹೆಂಗಸರಿಗೊಂದು ಶೌಚಾಲಯ ಬೇಕೆಂದು ಕಾರ್ಮಿಕ ಅಧಿಕಾರಿಗೆ ಅರ್ಜಿ ಕೊಡಿಸಿದರು. ಇಪ್ಪತ್ತಮೂರು ಮಂದಿಯೂ ಸಹಿ ಅಥವಾ ಹೆಬ್ಬೆಟ್ಟು ಹಾಕಿದರು. ನಿರೀಕ್ಷಕರು ಶೆಡ್ಡಿಗೆ ಬಂದರು. ದೇವರಾಜ್ ಕುರ್ಚಿ ಹಾಕಿಸಿ, ಬೀರುವಿನಿಂದ ನಮ್ಮ ವರದಿ ತೆಗೆದು, ನಲವತ್ತೊಂದನೆಯ ಪುಟ ತೆರೆದು ಅವರ ಮುಂದಿಟ್ಟರು. ನಿರೀಕ್ಷಕರು ತಮ್ಮ ಟಿಪ್ಪಣಿಯಲ್ಲಿ ‘ವಿಶ್ವವಿದ್ಯಾಲಯದ ಸ್ವತಂತ್ರ ಅಧ್ಯಯನ ಲಭ್ಯವಿದೆ’ ಎಂದು ಬರೆದುಕೊಂಡು ಹೋದರು. ಮಾರನೆಯ ದಿನದಿಂದ ಸಣ್ಣಕ್ಕನನ್ನು ಗೇಟಿನೊಳಗೆ ಬಿಡುತ್ತಿಲ್ಲ. ಇದನ್ನೆಲ್ಲ ನನಗೆ ಹೇಳಿದವಳು ಮೇಘಶ್ರೀ. ಈಗ ಚನ್ನರಾಯಪಟ್ಟಣದಲ್ಲಿ ಕೆಲಸದಲ್ಲಿದ್ದಾಳೆ. “ನೀವು ಬರ್ದಿದ್ರಲ್ಲ ಸಾರ್, ಆ ಸಾಲು, ಅದನ್ನೇ ತೋರ್ಸವ್ರೆ” ಎಂದಳು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

ಸ್ವತಂತ್ರ ಅಧ್ಯಯನ! ಮಾನ್ಯರೇ, ಉದ್ಯಮಿಯ ಅಪ್ಪಣೆ ಪಡೆದು, ಉದ್ಯಮಿಗೆ ಹೆದರಿದವನು ತಿದ್ದಿ, ಉದ್ಯಮಿಯೇ ಸೀಲು ಒತ್ತಿದ ಕಾಗದ ಸ್ವತಂತ್ರವಾದದ್ದು ಯಾವಾಗ? ತಮ್ಮ ಲಾಂಛನ ಅಚ್ಚಾದ ಕ್ಷಣದಲ್ಲೇ? ಪ್ರತಿ ವರ್ಷ ಸಾವಿರಾರು ವರದಿಗಳು ತಮ್ಮ ಅಂಕಪಟ್ಟಿಗೆ ಅಂಕ ಕೊಟ್ಟು ಯಾವ್ಯಾವುದೋ ಬೀರುಗಳೊಳಗೆ ಕೂತಿವೆ. ಅವುಗಳಲ್ಲಿ ಎಷ್ಟು ಎಲ್ಲೆಲ್ಲಿ ಹೊರಬರಲು ಕಾಯುತ್ತಿವೆ ಎಂದು ತಾವೆಂದಾದರೂ ಯೋಚಿಸಿದ್ದುಂಟೇ? ಮಕ್ಕಳಿಗೆ ಅಂಕ ಸಿಗಲಿ, ಯಾರು ಓದುತ್ತಾರೆ ಬಿಡಿ ಎಂದು ನಾವು ಮಾತಾಡಿಕೊಳ್ಳುತ್ತಿದ್ದೆವು. ಓದಿದರು. ಓದಬೇಕಾದ ಜಾಗದಲ್ಲೇ ಓದಿದರು. ತಮ್ಮ ನಿಯಮವನ್ನು ನಾನಿಲ್ಲಿ ಬೈಯುತ್ತಿರುವುದು ನನ್ನ ಪಾಲಿನ ತಪ್ಪನ್ನು ತಮ್ಮ ತಲೆಗೆ ಕಟ್ಟುವುದಕ್ಕಲ್ಲ. ನಿಯಮ ಸೀಲು ಕೇಳಿತು. ಕೆಂಪು ಪೆನ್ನು ಎತ್ತಿಕೊಂಡವನು ನಾನು.

ಕಳೆದ ಭಾನುವಾರ ಸಣ್ಣಕ್ಕನ ಮನೆಗೆ ಹೋದೆ. ಸಾಲಗಾಮೆಯಲ್ಲಿ ನಮ್ಮ ಬೀದಿಯ ಹಿಂದಿನ ಬೀದಿ. ನಮ್ಮವ್ವನ ಜೊತೆ ವರ್ಷಗಟ್ಟಲೆ ಮಂಡಿಗೆ ಹೋದವರು, ನನ್ನನ್ನು ಎತ್ತಿ ಆಡಿಸಿದವರು. ಆ ಸಾಲು ಬರೆದವನು ನಾನೇ ಎಂದು ಹೇಳಿ, ತಲೆ ತಗ್ಗಿಸಿ ನಿಂತೆ. ಉಗಿಯುತ್ತಾರೆ ಎಂದುಕೊಂಡಿದ್ದೆ. ಅವರು ಚಾಪೆ ಹಾಸಿದರು.

“ಕೂತ್ಕಳಪ್ಪ ಕೀರ್ತಿ. ಇನ್ಸ್‌ಪೆಟ್ರು ಓದಿ ಹೇಳುದ್ರು ಕಣಪ್ಪ. ಕೊನೇಲಿ ನಿನ್ನೆಸ್ರೂ ಓದುದ್ರು. ಮಾದಮ್ಮನ ಮಗ, ಓದ್ಕಂಡಿರೋನು, ಅವ್ನೇ ಸೈನ್ ಆಕವ್ನೆ ಅಂದ್ಮೇಲೆ, ನಮ್ಗೇ ಗೊತ್ತಾಗ್ದೆ ಓತೇನೋ, ನಾವು ಚೆಂದಾಗೇ ಇದ್ವೇನೋ ಅನ್ಕಂಡು ಸುಮ್ಕೆ ಬಂದ್ಬುಟ್ಟೆ.”

ನಾಲ್ಕು ದಿನ ಆಸ್ಪತ್ರೆಯಲ್ಲಿ ಮಲಗಿ ಬಂದ ಹೆಂಗಸು, ತನ್ನ ಮೈಯ ನೋವಿಗಿಂತ ನನ್ನ ಸಹಿಯನ್ನು ಹೆಚ್ಚು ನಂಬಿದರು. ನಾನು ಕೂರಲಿಲ್ಲ. ಏನು ಹೇಳಿ ಅಲ್ಲಿಂದ ಹೊರಟೆನೋ ನೆನಪಿಲ್ಲ. ಮನೆಗೆ ಬಂದು ನಮ್ಮವ್ವನಿಗೆ ಈ ವಿಷಯ ಇನ್ನೂ ಹೇಳಿಲ್ಲ. ಈ ಪತ್ರವನ್ನು ಯಾರಾದರೂ ಓದಿ ಹೇಳುತ್ತಾರೆ, ಆಗ ಅವಳ ಮುಖ ನೋಡಬೇಕಾಗುತ್ತದೆ.

ಈ ತಿಂಗಳ ಇಪ್ಪತ್ತನಾಲ್ಕರಂದು ಕಾರ್ಮಿಕ ಅಧಿಕಾರಿಯವರ ಮುಂದೆ ಅರ್ಜಿಯ ವಿಚಾರಣೆ. ತಮ್ಮಿಂದ ನಾನು ಕೇಳುವುದು ಒಂದು ಹಾಳೆ. ನಲವತ್ತೊಂದನೆಯ ಪುಟದ ಮಾತು ವಿಶ್ವವಿದ್ಯಾಲಯದ ಅಧ್ಯಯನವಲ್ಲ, ಮಾರ್ಗದರ್ಶಕ ತಾನೇ ತಿರುಚಿದ್ದಾಗಿ ಒಪ್ಪಿಕೊಂಡಿದ್ದಾನೆ, ಈ ವರದಿಯನ್ನು ಹಿಂದಕ್ಕೆ ಪಡೆಯಲಾಗಿದೆ ಎಂದು ತಾವು ಸಹಿ ಮಾಡಿದ ಒಂದು ಹಾಳೆ, ಆ ದಿನಾಂಕದೊಳಗೆ ಆ ಕಚೇರಿಗೆ ತಲುಪಬೇಕು. ಹುಡುಗಿಯ ಅಂಕ ಮುಟ್ಟಬೇಡಿ. ಅವಳ ಕರಡು ಅವಳ ಬಳಿಯೇ ಇದೆ, ಬೇಕಾದರೆ ಅದನ್ನು ತರಿಸಿಕೊಂಡು ಮೌಲ್ಯಮಾಪನ ಮಾಡಿ. ಶಿಕ್ಷೆ ಕೊಡಬೇಕೆನ್ನಿಸಿದರೆ ನನಗೆ ಕೊಡಿ. ಮುಂದಿನ ವರ್ಷದಿಂದ ಉದ್ಯಮಿಯ ಸೀಲಿನ ನಿಯಮ ತೆಗೆಯಿರಿ ಎಂದೂ ಕೇಳುತ್ತೇನೆ. ಅದಕ್ಕೆ ಸಭೆ, ಮಂಡಳಿ, ನಡಾವಳಿ ಎಲ್ಲ ಬೇಕಾಗುತ್ತದೆ, ನಿಧಾನವಾಗಲಿ. ಆ ಒಂದು ಹಾಳೆ ಮಾತ್ರ ನಿಧಾನವಾಗುವಂತಿಲ್ಲ.

ತಾವು ಕಳಿಸಲಿ ಬಿಡಲಿ, ಅಂದು ನಾನು ಹೋಗುತ್ತೇನೆ. ಈ ಸಾಲು ಸುಳ್ಳು, ಬರೆದವನು ನಾನು ಎಂದು ಎಲ್ಲರ ಮುಂದೆ ಹೇಳುತ್ತೇನೆ. ಆಗ ದೇವರಾಜ್ ಮತ್ತೆ ಆ ವರದಿ ತೆಗೆದು ತಮ್ಮ ಲಾಂಛನ ತೋರಿಸುತ್ತಾರೆ. ಗುತ್ತಿಗೆ ಮೇಷ್ಟರೊಬ್ಬನ ಬಾಯಿಮಾತು ಒಂದು ಕಡೆ, ಇಡೀ ವಿಶ್ವವಿದ್ಯಾಲಯ ಇನ್ನೊಂದು ಕಡೆ. ಅಧಿಕಾರಿಗಳು ಯಾರನ್ನು ನಂಬುತ್ತಾರೋ ನಾನರಿಯೆ. ಸಣ್ಣಕ್ಕ ಯಾರನ್ನು ನಂಬುತ್ತಾರೆ ಎಂಬುದು ಗೊತ್ತು. ತಮ್ಮ ಹಾಳೆ ಅಲ್ಲಿರದಿದ್ದರೆ, ತಾನೇ ತಪ್ಪು ತಿಳಿದುಕೊಂಡಿದ್ದೆ ಎಂದು ಅವರು ಎರಡನೆಯ ಸಲ ಸುಮ್ಮನೆ ಎದ್ದು ಮನೆಗೆ ಹೋಗುತ್ತಾರೆ.

ಇಂತಿ,
ಸಹಿಗೆ ಬೆಲೆಯಿದೆ ಎಂದು ತಡವಾಗಿ ತಿಳಿದುಕೊಂಡ,
ಕೀರ್ತಿರಾಜ್
ಅತಿಥಿ ಉಪನ್ಯಾಸಕ (ಈ ಪತ್ರ ಅಚ್ಚಾಗುವವರೆಗೆ)
ಸಾಲಗಾಮೆ, ಹಾಸನ ತಾಲ್ಲೂಕು